ಮುಂಬೈಯ ಹಳೆಯ ನೀರಿನ ಪೈಪುಗಳು ಇಷ್ಟು ಕಾಲ ಬಾಳಿದ್ದು ಹೇಗೆ?

ಪ್ರಶ್ನೆ: ನಾವು ಮುಲುಂಡ್‌ನಲ್ಲಿ ಇರುವವರು, ಮೂಲ ಉಡುಪಿ ಕಡೆ. ಮನೆಯಿಂದ ಸ್ವಲ್ಪ ದೂರದಲ್ಲಿ ತಾನ್ಸಾ ಕೆರೆಯ ದೊಡ್ಡ ಪೈಪ್‌ಲೈನ್ ಹೋಗುತ್ತದೆ. ಬ್ರಿಟಿಷರ ಕಾಲದ್ದು, ಅದಕ್ಕೇ ಇಷ್ಟು ಗಟ್ಟಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಓಣಿಯಲ್ಲಿ ಈಚೆಗೆ ಹಾಕಿದ ಪೈಪ್ ಮಾತ್ರ ಪದೇ ಪದೇ ಸೋರುತ್ತದೆ, ಬೆಳಿಗ್ಗೆ ನಲ್ಲಿಯಲ್ಲಿ ಮೊದಲು ಕೆಂಪು ನೀರು ಬರುತ್ತದೆ. ಆಗಿನವರು ಅಷ್ಟು ಚೆನ್ನಾಗಿ ಕಟ್ಟಿದ್ದು ಹೇಗೆ? ನಮ್ಮ ವಿಶ್ವೇಶ್ವರಯ್ಯನವರೂ ಇದರಲ್ಲಿ ಇದ್ದರಾ?

ಉತ್ತರ: ಚೆನ್ನಾಗಿ ಕಟ್ಟಿದ್ದರು, ಅದರಲ್ಲಿ ಅನುಮಾನ ಇಲ್ಲ. ಆದರೆ ನೀರು ಸರಬರಾಜಿನ ಕೆಲಸದಲ್ಲೇ ಬದುಕು ಕಳೆದವನಾಗಿ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಯಾವ ಪೈಪೂ ನೂರು ವರ್ಷ ತಾನಾಗಿ ಬಾಳುವುದಿಲ್ಲ. ಯಾರೋ ಅದನ್ನು ದಿನಾ ನೋಡಿಕೊಂಡಿರುತ್ತಾರೆ. ಸೋರಿದ ಕಡೆ ಸೀಸ ಕಾಯಿಸಿ ತುಂಬಿರುತ್ತಾರೆ, ವಾಲ್ವ್‌ಗಳನ್ನು ಆಗಾಗ ತಿರುಗಿಸಿ ಸಡಿಲ ಇಟ್ಟಿರುತ್ತಾರೆ, ತುಕ್ಕು ತಿಂದ ತುಂಡನ್ನು ಕತ್ತರಿಸಿ ಹೊಸದನ್ನು ಕೂಡಿಸಿರುತ್ತಾರೆ. ಮುಂಬೈಯ ನೀರಿನ ಚರಿತ್ರೆಯಲ್ಲಿ ವೈಸರಾಯ್ ಹೆಸರು ಸಿಗುತ್ತದೆ, ಎಂಜಿನಿಯರ್‌ಗಳ ಹೆಸರು ಸಿಗುತ್ತದೆ. ಈ ಕೆಲಸ ಮಾಡಿದವರ ಹೆಸರು ಸಿಗುವುದಿಲ್ಲ. ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಅವರ ಹತ್ತಿರವೇ ಇದೆ.

ನೀವು ನೋಡುತ್ತಿರುವ ಪೈಪು ಪೂರ್ತಿ ಮೊದಲಿನದೇ ಆಗಿರಬೇಕಂತಲೂ ಇಲ್ಲ. ತಾನ್ಸಾ ಯೋಜನೆ ನಾಲ್ಕು ಹಂತದಲ್ಲಿ ಬೆಳೆಯಿತು: 1892, 1915, 1925, 1948. ಮೊದಲು ಬಂದದ್ದು 48 ಇಂಚಿನ ಪೈಪು. 1920ರ ದಶಕದಲ್ಲಿ ಆಳುದ್ದ ಇರುವ 72 ಇಂಚಿನ ಪೈಪುಗಳು ಬಂದವು. ಆಮೇಲೂ ಅಲ್ಲಲ್ಲಿ ತುಂಡು ತುಂಡಾಗಿ ಬದಲಾಯಿಸುತ್ತಲೇ ಬಂದಿದ್ದಾರೆ. ದಾರಿ ಹಳೆಯದು, ಲೆಕ್ಕಾಚಾರ ಹಳೆಯದು, ಕಬ್ಬಿಣ ಎಲ್ಲವೂ ಹಳೆಯದಲ್ಲ.

ಮತ್ತೆ ಆ ಕಾಲದಲ್ಲಿ ಸೋತ ಕೆಲಸಗಳು ಈಗ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಿಮಗೆ ಹತ್ತಿರದಲ್ಲೇ ಪೊವಾಯಿ ಕೆರೆ ಇದೆ ಅಲ್ವಾ? ಅದನ್ನೂ ಕುಡಿಯುವ ನೀರಿಗೆಂದೇ ಕಟ್ಟಿದ್ದು, 1890ರ ಆಸುಪಾಸಿನಲ್ಲಿ. ತಾನ್ಸಾ ಬರುವವರೆಗೆ ಕಾಯಲಾಗದೆ ಅವಸರದಲ್ಲಿ ಕೈಹಾಕಿದ ಯೋಜನೆ. ಸಿಕ್ಕ ನೀರು ಕಡಿಮೆ, ಅದರ ಗುಣವೂ ಚೆನ್ನಾಗಿರಲಿಲ್ಲ. ಬೇಗನೆ ಕೈಬಿಟ್ಟರು. ಅದೇ ಸರ್ಕಾರ, ಅದೇ ದಶಕ. ಹಾಗಾಗಿ "ಆ ಕಾಲದ್ದೆಲ್ಲ ಗಟ್ಟಿ" ಅನ್ನುವ ಮಾತು ಒಪ್ಪಲಾಗದು. ಗಟ್ಟಿ ಇದ್ದದ್ದು ಉಳಿಯಿತು, ಉಳಿದದ್ದನ್ನು ನಾವು ನೋಡುತ್ತಿದ್ದೇವೆ, ಅಷ್ಟೇ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಮುಂಬೈ ದ್ವೀಪದಲ್ಲಿ ನದಿ ಇಲ್ಲ. ಸುತ್ತ ಉಪ್ಪು ನೀರು. ಬಾವಿ ತೋಡಿದರೆ ಬಹಳ ಕಡೆ ಸವುಳು. ಹಡಗುಗಳು ಬಂದು ನಿಲ್ಲಲು ಇಷ್ಟು ಒಳ್ಳೆಯ ಜಾಗ ಪಶ್ಚಿಮ ಕರಾವಳಿಯಲ್ಲಿ ಬೇರೆ ಸಿಗುವುದು ಕಷ್ಟ, ಆದರೆ ಅಲ್ಲಿ ಬಂದು ಸೇರುವ ಜನಕ್ಕೆ ಕುಡಿಯಲು ನೀರಿಲ್ಲ. ಬಂದರು ನಗರಗಳ ಹಣೆಬರಹವೇ ಹೀಗೆ. ಮೊದಮೊದಲು ಊರು ನಡೆದದ್ದು ಬಾವಿಗಳ ಮೇಲೆ, ದಾನಿಗಳು ತೋಡಿಸಿದ ಕೆರೆ ಹೊಂಡಗಳ ಮೇಲೆ. ಧೋಬಿ ತಲಾವ್, ಸಿ.ಪಿ. ಟ್ಯಾಂಕ್, ಗೋವಾಲಿಯಾ ಟ್ಯಾಂಕ್, ದೋ ಟಾಕಿ, ಖಾರಾ ಟ್ಯಾಂಕ್ ಅಂತ ಇವತ್ತು ಬಸ್ಸಿನಲ್ಲಿ ಕೇಳುವ ಹೆಸರುಗಳೆಲ್ಲ ನಿಜವಾಗಿ ನೀರಿದ್ದ ಜಾಗಗಳು. ಸಿ.ಪಿ. ಅಂದರೆ ಕಾವಸ್‌ಜಿ ಪಟೇಲ್, ಪಾರ್ಸಿ ದಾನಿ. ಧೋಬಿ ತಲಾವ್ ಕೆರೆಯನ್ನು 1830ರ ದಶಕದಲ್ಲಿ ಸರಿ ಮಾಡಿಸಿದವರು ಫ್ರಾಮ್‌ಜಿ ಕಾವಸ್‌ಜಿ. ಗೋವಾಲಿಯಾ ಕೆರೆಯ ಮೇಲೆಯೇ ಈಗಿನ ಆಗಸ್ಟ್ ಕ್ರಾಂತಿ ಮೈದಾನ ಇದೆ.

ಈ ಹೊಂಡಗಳಲ್ಲೇ ಸ್ನಾನ, ಬಟ್ಟೆ, ದನಕರು, ಕುಡಿಯುವ ನೀರು ಎಲ್ಲವೂ. ಹಾಗಾಗಿ ನಾರುಹುಣ್ಣು, ಅಂದರೆ ಕಾಲಿನ ಹುಣ್ಣಿನಿಂದ ದಾರದಂಥ ಹುಳ ಹೊರಬರುವ ಕಾಯಿಲೆ, ಆ ಊರಲ್ಲಿ ಸಾಮಾನ್ಯವಾಗಿತ್ತು. ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ಆ ಕಾಯಿಲೆ ನೆನಪಿರುತ್ತದೆ. ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟವರ ಹುಣ್ಣಿನಿಂದ ಹುಳದ ಮರಿಗಳು ನೀರು ಸೇರುತ್ತವೆ. ನೀರಿನಲ್ಲಿರುವ ಸಣ್ಣ ಜೀವಿಯೊಂದರ ಹೊಟ್ಟೆಯಲ್ಲಿ ಬೆಳೆದು, ಅದೇ ನೀರು ಕುಡಿದವರ ಮೈಯೊಳಗೆ ಬರುತ್ತವೆ. ಔಷಧಿಯಿಂದ ಹೋದ ಕಾಯಿಲೆ ಅಲ್ಲ ಅದು. ನೀರಿಗೆ ಕಾಲಿಡುವುದು ನಿಂತಾಗ ಹೋಯಿತು.

1850ರ ದಶಕದ ನಡುವಿನಲ್ಲಿ ಮಳೆ ಕೈಕೊಟ್ಟಿತು. ದೋಣಿಯಲ್ಲಿ, ಆಗಷ್ಟೇ ಶುರುವಾಗಿದ್ದ ರೈಲಿನಲ್ಲಿ ನೀರು ತಂದು ಬಾವಿಗಳಿಗೆ ಸುರಿದರು. ಹೆನ್ರಿ ಕಾನಿಬೇರ್ ಎಂಬ ಎಂಜಿನಿಯರ್ ಉತ್ತರದ ಸಾಲ್ಸೆಟ್ ದ್ವೀಪದ ಗುಡ್ಡಗಳ ನಡುವೆ ಕಣಿವೆಗೆ ಅಡ್ಡ ಏರಿ ಹಾಕಿ ಮಳೆನೀರು ನಿಲ್ಲಿಸುವ ಯೋಜನೆ ಕೊಟ್ಟರು. 1856ರಲ್ಲಿ ಕೆಲಸ ಶುರು, 1860ರಲ್ಲಿ ವಿಹಾರ್ ಕೆರೆಯ ನೀರು ಪೈಪಿನಲ್ಲಿ ಊರಿಗೆ ಬಂತು. ಸುಮಾರು 14 ಮೈಲಿ ದೂರ, ಬೀಡು ಕಬ್ಬಿಣದ ಪೈಪು. ಕಲ್ಕತ್ತಾಕ್ಕೂ ಮದ್ರಾಸಿಗೂ ಅಂಥ ವ್ಯವಸ್ಥೆ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು. ದಿನಕ್ಕೆ ಸಿಕ್ಕದ್ದು ಸುಮಾರು 3.2 ಕೋಟಿ ಲೀಟರ್. 1864ರ ಜನಗಣತಿಯಲ್ಲಿ ಮುಂಬೈಯ ಜನ 8,16,562. ಅಂದರೆ ತಲೆಗೆ 40 ಲೀಟರಿಗೂ ಕಡಿಮೆ! ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬಂಗಾರದ ಬೆಲೆ ಬಂದು ಊರು ತುಂಬಿ ತುಳುಕುತ್ತಿದ್ದ ಕಾಲ ಅದು. ಕಟ್ಟಿ ಮುಗಿಸಿದ ನಾಲ್ಕೇ ವರ್ಷಕ್ಕೆ ಯೋಜನೆ ಸಣ್ಣದಾಯಿತು.

ದೊಡ್ಡ ತಪ್ಪು ಬೇರೆಯೇ ಇತ್ತು. ನೀರು ಒಳಗೆ ತಂದರು, ಬಳಸಿದ ನೀರು ಹೊರಗೆ ಹೋಗುವ ದಾರಿ ಮಾಡಲಿಲ್ಲ. ಕೊಡದಲ್ಲಿ ಹೊತ್ತು ತರುವಾಗ ಜನ ಅಳೆದು ಬಳಸುತ್ತಾರೆ, ನಲ್ಲಿ ಬಂದರೆ ಎಷ್ಟೋ ಪಾಲು ಜಾಸ್ತಿ ಚೆಲ್ಲುತ್ತಾರೆ. ಆ ನೀರೆಲ್ಲ ಎಲ್ಲಿಗೆ ಹೋಗಬೇಕು? ಮುಂಬೈಯ ನಡುಭಾಗ ಸಮುದ್ರ ತುಂಬಿಸಿ ಮಾಡಿದ ತಗ್ಗು ನೆಲ. ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿರುವ ಜಾಗಗಳೂ ಇವೆ. ಉಬ್ಬರ ಇದ್ದಾಗ ಚರಂಡಿಯ ಬಾಯಿ ತೆಗೆದರೆ ಸಮುದ್ರವೇ ಒಳಗೆ ಬರುತ್ತದೆ, ಹಾಗಾಗಿ ಇಳಿತ ಆಗುವವರೆಗೆ ಕೊಳಚೆಯನ್ನು ಊರೊಳಗೇ ಹಿಡಿದಿಡಬೇಕು. ವರ್ಲಿಯ ಲವ್‌ಗ್ರೋವ್‌ನಲ್ಲಿ ಪಂಪ್ ಹಾಕಿ ಕೊಳಚೆ ಎತ್ತಿ ಹೊರಹಾಕುವ ವ್ಯವಸ್ಥೆ ಬಂದದ್ದು 1880ರ ದಶಕದಲ್ಲಿ. ವಿಹಾರ್ ನೀರು ಬಂದ ಇಪ್ಪತ್ತು ವರ್ಷದ ಮೇಲೆ. ಅಷ್ಟು ಕಾಲ ಆ ನೀರು ಎರಡು ಕಟ್ಟಡಗಳ ನಡುವಿನ ಸಂದಿಗಳಲ್ಲಿ ನಿಂತು ನೆಲಕ್ಕೇ ಇಂಗಿತು. ಮಳೆಗಾಲದಲ್ಲಿ ಉಬ್ಬರ ಮತ್ತು ಜೋರು ಮಳೆ ಒಟ್ಟಿಗೆ ಬಂದರೆ ಇವತ್ತಿಗೂ ದಾದರ್, ಹಿಂದ್‌ಮಾತಾ ಕಡೆ ಏನಾಗುತ್ತದೆಂದು ನಿಮಗೇ ಗೊತ್ತು. ಲೆಕ್ಕ ಅದೇ.

ಆಗ ಮನೆಗಳ ಮಲ ಹೊರುತ್ತಿದ್ದವರು, ಸಂದಿ ತೊಳೆಯುತ್ತಿದ್ದವರು ಹಲಾಲ್‌ಖೋರರು ಎಂದು ಕರೆಸಿಕೊಂಡ ದಲಿತ ಕೆಲಸಗಾರರು. ಅವರ ಕೆಲಸಕ್ಕೆಂದು ಪಾಲಿಕೆ ಮನೆಗಳಿಂದ ಬೇರೆ ತೆರಿಗೆಯನ್ನೇ ವಸೂಲಿ ಮಾಡುತ್ತಿತ್ತು. 1896ರ ಸೆಪ್ಟೆಂಬರಿನಲ್ಲಿ ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿತು. ಮೊದಲು ಗುರುತಿಸಿದವರು ಡಾ. ಅಕಾಸಿಯೊ ವಿಯೆಗಾಸ್. ಪಾಲಿಕೆಯವರು ಚರಂಡಿಗಳಿಗೆ ಸಮುದ್ರದ ನೀರು ಮತ್ತು ಕಾರ್ಬಾಲಿಕ್ ಆಮ್ಲ ಸುರಿದು ತೊಳೆದರು. ಪ್ಲೇಗು ಇಲಿ ಮತ್ತು ಚಿಗಟದಿಂದ ಹರಡುತ್ತದೆ ಎಂದು ಆಗ ಅವರಿಗೆ ಗೊತ್ತಿರಲಿಲ್ಲ. ಜನ ಊರು ಬಿಟ್ಟು ಓಡತೊಡಗಿದರು. ಆಗ ಆಯುಕ್ತರಿಗಿದ್ದ ದೊಡ್ಡ ಹೆದರಿಕೆ ಹಲಾಲ್‌ಖೋರರೂ ಊರು ಬಿಟ್ಟರೆ ಗತಿಯೇನು ಎಂಬುದು. ಅವರಿಲ್ಲದಿದ್ದರೆ ಕೆಲವೇ ದಿನದಲ್ಲಿ ಆ ನಗರದಲ್ಲಿ ಯಾರೂ ಇರಲಾಗುತ್ತಿರಲಿಲ್ಲ. ಹಿಡಿದು ಆಸ್ಪತ್ರೆಗೆ ಸೇರಿಸುವ ಕಟ್ಟುನಿಟ್ಟಿನ ಕ್ರಮವನ್ನು ಸಡಿಲ ಮಾಡಿದ್ದಕ್ಕೆ ಈ ಹೆದರಿಕೆಯೂ ಒಂದು ಕಾರಣ. ಸಾಮ್ರಾಜ್ಯದ ಅಷ್ಟು ದೊಡ್ಡ ಬಂದರು ಯಾರ ಕೈಮೇಲೆ ನಿಂತಿತ್ತು ಎಂದು ಸರ್ಕಾರಕ್ಕೇ ಆ ತಿಂಗಳು ಗೊತ್ತಾಯಿತು. ಆದರೆ ಆ ಕೈಗಳಿಗೆ ಸಿಕ್ಕ ಮನೆ, ಸಂಬಳ, ಮರ್ಯಾದೆ ಎಲ್ಲವೂ ಕೊನೆಯವು. ಚರಂಡಿ ತೊಳೆಯುವವರ ವಿಷಯದಲ್ಲಿ ನಾವು ಈಗಲೂ ಹಾಗೇ ಇದ್ದೇವೆ ಎನ್ನುವುದು ನನಗೆ ಬಹಳ ನೋವಿನ ಸಂಗತಿ.

ಮತ್ತೆ ಕೆರೆಗಳ ಕಡೆ ಬರುತ್ತೇನೆ. ವಿಹಾರ್ ಸಾಲದೆ ತುಳಸಿ ಕೆರೆ ಕಟ್ಟಿದರು, 1879ರ ಹೊತ್ತಿಗೆ ಮುಗಿಯಿತು. ತುಳಸಿ ವಿಹಾರ್‌ಗಿಂತ ಎತ್ತರದಲ್ಲಿದೆ. ಅದರ ನೀರನ್ನು ಬೇರೆ ಪೈಪಿನಲ್ಲಿ ಮಲಬಾರ್ ಹಿಲ್ ಮೇಲಿನ ತೊಟ್ಟಿಗೆ ಒಯ್ದರು. ಹ್ಯಾಂಗಿಂಗ್ ಗಾರ್ಡನ್‌ಗೆ ಹೋಗಿದ್ದೀರಲ್ಲ, ನೀವು ನಡೆದಾಡುವುದು ಆ ತೊಟ್ಟಿಯ ಚಾವಣಿಯ ಮೇಲೆ. ಮಜಗಾಂವ್‌ನ ಭಂಡಾರವಾಡಾ ಗುಡ್ಡದ ಮೇಲೆ ಇನ್ನೊಂದು ತೊಟ್ಟಿ, 1884ರದ್ದು. ಎಲ್ಲವೂ ಇಳಿಜಾರಿನ ಲೆಕ್ಕ. ಗುಡ್ಡದ ಕೆರೆಯಿಂದ ಹೊರಟ ನೀರು ಯಾವ ಪಂಪೂ ಇಲ್ಲದೆ ಊರ ಗುಡ್ಡದ ತೊಟ್ಟಿಗೆ ಏರುತ್ತದೆ, ಅಲ್ಲಿಂದ ಮನೆಗಳಿಗೆ ಇಳಿಯುತ್ತದೆ. ಕರೆಂಟು ಬೇಡ, ಕಲ್ಲಿದ್ದಲು ಬೇಡ. ಹಳೆಯ ಯೋಜನೆಗಳ ನಿಜವಾದ ಜಾಣತನ ಇದೇ ಎಂದು ನನ್ನ ಅಭಿಪ್ರಾಯ. ತಿರುಗುವ ಯಂತ್ರ ಕಡಿಮೆ ಇದ್ದಷ್ಟೂ ಕೆಡುವುದು ಕಡಿಮೆ.

ತಾನ್ಸಾ ಇದೆಲ್ಲಕ್ಕಿಂತ ದೊಡ್ಡ ಹೆಜ್ಜೆ. ಮೇಜರ್ ಹೆಕ್ಟರ್ ಟುಲ್ಲೊಕ್ 1870ರ ದಶಕದಲ್ಲೇ ಆ ಜಾಗ ತೋರಿಸಿದ್ದರು. ದುಡ್ಡು ಹೆಚ್ಚಾಯಿತೆಂದು ಬಿಟ್ಟರು. ಕೊನೆಗೆ ಕ್ಲಾರ್ಕ್ ಎಂಬ ಎಂಜಿನಿಯರ್ ಕಲ್ಲು ಗಾರೆಯ ಅಣೆಕಟ್ಟು ಕಟ್ಟಿದರು. ಉದ್ದ ಹತ್ತಿರ ಹತ್ತಿರ ಎರಡು ಮೈಲಿ. 1892ರ ಮಾರ್ಚ್‌ನಲ್ಲಿ ವೈಸರಾಯ್ ಲ್ಯಾನ್ಸ್‌ಡೌನ್ ಉದ್ಘಾಟನೆ ಮಾಡಿದರು. ಇಲ್ಲಿ ನಾನು ತುಂಬ ಮೆಚ್ಚುವ ಒಂದು ಸಂಗತಿ ಇದೆ. ಮುಂದೊಂದು ದಿನ ಎತ್ತರಿಸಬೇಕಾಗುತ್ತದೆ ಎಂದು ಲೆಕ್ಕ ಹಾಕಿಯೇ ಬುನಾದಿಯನ್ನು ಅಗಲ ಇಟ್ಟಿದ್ದರು. 1915ರಲ್ಲೂ 1925ರಲ್ಲೂ ಯೋಜನೆಯನ್ನು ದೊಡ್ಡದು ಮಾಡಲು ಸುಲಭವಾದದ್ದು ಅದರಿಂದಲೇ. ವಿಹಾರ್‌ನಲ್ಲಿ ನಾಲ್ಕು ವರ್ಷಕ್ಕೆ ನೀರು ಸಾಲದೆ ಹೋದ ಪಾಠ ಅವರಿಗೆ ನೆನಪಿತ್ತು.

ಅಣೆಕಟ್ಟಿಗಿಂತ ಮುಖ್ಯವಾದದ್ದು ಅಣೆಕಟ್ಟಿನ ಹಿಂದಿನ ಕಾಡು. ವಿಹಾರ್ ನೀರನ್ನು ಆಗ ಸೋಸುತ್ತಿರಲಿಲ್ಲ. ಗುಡ್ಡದ ಮೇಲೆ ಬಿದ್ದ ಮಳೆ ಕೆರೆಗೆ, ಕೆರೆಯಿಂದ ಪೈಪಿಗೆ, ಪೈಪಿನಿಂದ ಬಾಯಿಗೆ. ಹಾಗಿರುವಾಗ ಕೆರೆಗೆ ನೀರು ಹರಿದು ಬರುವ ಅಷ್ಟೂ ನೆಲ ಚೊಕ್ಕಟವಾಗಿರಬೇಕು. ಪಾಲಿಕೆ ಆ ನೆಲವನ್ನು ತನ್ನ ವಶದಲ್ಲಿ ಇಟ್ಟುಕೊಂಡಿತು. ಬೇಸಾಯ ನಿಲ್ಲಿಸಿತು, ಹಳ್ಳಿಗಳನ್ನು ಎಬ್ಬಿಸಿತು, ಕಾವಲು ಹಾಕಿತು. ಇವತ್ತು ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಅಂತ ಏನಿದೆ, ನಗರದ ಹೊಟ್ಟೆಯೊಳಗೆ ಅಷ್ಟು ದೊಡ್ಡ ಕಾಡು ಉಳಿಯಲು ವಿಹಾರ್, ತುಳಸಿ ಈ ಎರಡು ಕೆರೆಗಳೇ ದೊಡ್ಡ ಕಾರಣ. ಕಾಡು ಇದ್ದದ್ದರಿಂದ ಹೂಳು ಕಡಿಮೆ ಬಂತು, ಹೂಳು ಕಡಿಮೆ ಇದ್ದದ್ದರಿಂದ 160 ವರ್ಷ ದಾಟಿದ ವಿಹಾರ್ ಈಗಲೂ ನೀರು ಕೊಡುತ್ತಿದೆ. ಅದೇ ಕಾಡಿನಲ್ಲಿ ಕಾನ್ಹೇರಿ ಗುಹೆಗಳಿವೆ. ಅಲ್ಲಿ ಬೌದ್ಧ ಭಿಕ್ಷುಗಳು ಬಂಡೆಯಲ್ಲೇ ಕೊರೆದ ನೀರಿನ ತೊಟ್ಟಿಗಳನ್ನು ನೋಡಿ ಬನ್ನಿ. ಮಳೆನೀರನ್ನು ಸಣ್ಣ ಕಾಲುವೆಯಲ್ಲಿ ತಿರುಗಿಸಿ ತುಂಬಿಸಿಕೊಳ್ಳುವ ಆ ವ್ಯವಸ್ಥೆಯ ಮುಂದೆ ವಿಹಾರ್ ನಿನ್ನೆ ಮೊನ್ನೆಯದು.

ಈ ಕಾಡು ಉಳಿದದ್ದಕ್ಕೆ ಬೆಲೆ ಕೊಟ್ಟವರು ಅಲ್ಲಿದ್ದ ಆದಿವಾಸಿಗಳು ಮತ್ತು ರೈತರು. ಅದನ್ನು ಹೇಳದೆ ಮುಂದೆ ಹೋಗಬಾರದು. ತಾನ್ಸಾ, ಭಾತ್ಸಾ ಕೆರೆಗಳಿರುವ ಶಹಾಪುರ ತಾಲೂಕಿನ ಎಷ್ಟೋ ಹಾಡಿಗಳಿಗೆ ಇವತ್ತಿಗೂ ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಅವರ ಮನೆ ಹತ್ತಿರದಿಂದ ಹೋಗುವ ನೀರು ನಿಮ್ಮ ಮನೆಗೆ ಬರುತ್ತದೆ.

ಈಗ ದಿನದಿನದ ಕೆಲಸ ಏನಿತ್ತು ಎಂದು ಹೇಳುತ್ತೇನೆ. ಮಣ್ಣಿನ ಏರಿ ಇದ್ದರೆ ಅದರ ಮೇಲೆ ಮರ ಬೆಳೆಯಲು ಬಿಡಬಾರದು, ಬೇರು ಸತ್ತ ಮೇಲೆ ಅದೇ ನೀರಿಗೆ ದಾರಿ ಆಗುತ್ತದೆ. ಇಲಿ, ಏಡಿ ಕೊರೆದ ತೂತು ಮುಚ್ಚಬೇಕು. ಏರಿಯ ಕೆಳಬದಿಯಲ್ಲಿ ಜಿನುಗುವ ನೀರನ್ನು ದಿನಾ ನೋಡಬೇಕು: ತಿಳಿಯಾಗಿದ್ದರೆ ಪರವಾಗಿಲ್ಲ, ಕಲಕಿ ಬಂದರೆ ಏರಿಯ ಮಣ್ಣು ಕರಗುತ್ತಿದೆ ಎಂದು ಅರ್ಥ. ಮಳೆಗಾಲಕ್ಕೆ ಮುಂಚೆ ಕೋಡಿ ಚೊಕ್ಕ ಮಾಡಬೇಕು. ನಮ್ಮ ಕಡೆ ಕೆರೆಗಳ ನೀರುಗಂಟಿಗಳು ತಲೆತಲಾಂತರದಿಂದ ಮಾಡುತ್ತಿದ್ದದ್ದೂ ಇದನ್ನೇ. ವಿಹಾರ್ ಕೋಡಿ ಬಿದ್ದ ನೀರೇ ಕೆಳಗೆ ಮೀಠಿ ನದಿ ಆಗುತ್ತದೆ. ಆ ನದಿಯ ಪಾತ್ರ ಒತ್ತುವರಿ ಆಗಿ ಕಸ ತುಂಬಿದ್ದಾಗ, 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಂದು ಏನಾಯಿತೆಂದು ಮುಂಬೈಯವರಿಗೆ ನಾನು ಹೇಳಬೇಕಿಲ್ಲ. ಮೇಲಿನ ಏರಿಯನ್ನು ನೋಡಿಕೊಂಡರು, ಕೆಳಗಿನ ಹಳ್ಳವನ್ನು ಬಿಟ್ಟರು.

ಪೈಪಿನ ಕೆಲಸ ಬೇರೆ ಥರ. ಬೀಡು ಕಬ್ಬಿಣದ ಪೈಪಿನ ಒಂದು ತುದಿ ಅಗಲ, ಇನ್ನೊಂದು ಸಾದಾ. ಒಂದರೊಳಗೆ ಇನ್ನೊಂದನ್ನು ಕೂರಿಸಿ, ಸಂದಿಗೆ ಸೆಣಬಿನ ಹುರಿ ಗಿಡಿದು, ಕಾದ ಸೀಸ ಹೊಯ್ಯುತ್ತಾರೆ. ಆರಿದ ಮೇಲೆ ಉಳಿಯಿಂದ ಸುತ್ತಲೂ ಬಡಿದು ಬಿಗಿ ಮಾಡುತ್ತಾರೆ. ಸೀಸ ಮೆತ್ತಗಿನ ಲೋಹ, ನೆಲ ಸ್ವಲ್ಪ ಕುಸಿದರೂ ಜೋಡಣೆ ಒಡೆಯದೆ ಬಾಗಿಕೊಡುತ್ತದೆ. ಸೋರಿದರೆ ಮತ್ತೆ ಉಳಿ ಹಿಡಿದು ಬಡಿದರೆ ನಿಲ್ಲುತ್ತದೆ. ಅಂದರೆ ರಿಪೇರಿ ಮಾಡಲಾಗುವ ಜೋಡಣೆ ಅದು! ಸೀಸದ ಹೊಗೆ ಕೆಲಸಗಾರರ ಮೈಗೆ ಒಳ್ಳೆಯದಲ್ಲ, ಆ ಮಾತು ಬೇರೆ. ಪೈಪು ಏರುವ ಕಡೆ ಗಾಳಿ ಸೇರಿಕೊಳ್ಳುತ್ತದೆ, ಅದನ್ನು ಬಿಡಲು ಏರ್‌ವಾಲ್ವ್ ಇರಬೇಕು. ತಗ್ಗಿನಲ್ಲಿ ಮಣ್ಣು ಕೂರುತ್ತದೆ, ಅಲ್ಲೊಂದು ವಾಲ್ವ್ ತೆಗೆದು ಆಗಾಗ ತೊಳೆಯಬೇಕು. ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟ ವಾಲ್ವ್ ಬೇಕಾದಾಗ ತಿರುಗುವುದಿಲ್ಲ. ಮುಂಬೈಯಲ್ಲಿ ವಾಲ್ವ್ ತಿರುಗಿಸುವವರನ್ನು ಚಾವಿವಾಲಾ ಅನ್ನುತ್ತಾರೆ. ಯಾವ ಓಣಿಗೆ ಎಷ್ಟು ಸುತ್ತು ತೆಗೆದರೆ ಎಲ್ಲಿಯವರೆಗೆ ನೀರು ಹೋಗುತ್ತದೆ, ಯಾವ ಪೈಪು ನಕ್ಷೆಯಲ್ಲಿ ಇಲ್ಲದಿದ್ದರೂ ನೆಲದಡಿ ಇದೆ, ಇದೆಲ್ಲ ಅವರ ತಲೆಯಲ್ಲಿ ಇರುತ್ತದೆ. ಅವರು ನಿವೃತ್ತರಾಗುವ ಮುಂಚೆ ಅದನ್ನು ಕಲಿಯಲು ಒಬ್ಬ ಹುಡುಗನನ್ನಾದರೂ ಜೊತೆಗೆ ಹಾಕಬೇಕು. ಎಷ್ಟೋ ಊರುಗಳಲ್ಲಿ ಅದನ್ನೂ ಮಾಡುವುದಿಲ್ಲ.

ಇದಕ್ಕೆಲ್ಲ ದುಡ್ಡು ಬೇಕು, ವರ್ಷ ವರ್ಷವೂ ಬೇಕು. ಆರ್ಥರ್ ಕ್ರಾಫರ್ಡ್ 1865ರಿಂದ 1871ರವರೆಗೆ ಆಯುಕ್ತರಾಗಿದ್ದಾಗ ರಸ್ತೆ, ಮಾರ್ಕೆಟ್ಟು, ಚರಂಡಿ ಅಂತ ಧಾರಾಳ ಖರ್ಚು ಮಾಡಿದರು. ತೆರಿಗೆ ಕಟ್ಟುವವರು ತಿರುಗಿಬಿದ್ದರು, ಕ್ರಾಫರ್ಡ್ ಹೋಗಬೇಕಾಯಿತು. ಆ ಜಗಳದಿಂದಲೇ 1872ರ ಕಾಯ್ದೆ ಬಂತು, ತೆರಿಗೆದಾರರು ಆರಿಸಿದ ಸದಸ್ಯರು ಪಾಲಿಕೆಗೆ ಬಂದರು. 1888ರ ಕಾಯ್ದೆ ಇವತ್ತಿಗೂ ಮುಂಬೈ ಪಾಲಿಕೆಯ ಮೂಲ ಕಾಯ್ದೆ. ಮತ ಇದ್ದದ್ದು ಉಳ್ಳವರಿಗೆ ಮಾತ್ರ, ಹಾಗಾಗಿ ಪೈಪೂ ಮೊದಲು ಉಳ್ಳವರ ಮನೆಗೇ ಹೋಯಿತು. ಮಿಲ್ ಕೆಲಸಗಾರರ ಚಾಳುಗಳಲ್ಲಿ ಇಡೀ ಮಹಡಿಗೆ ಒಂದು ನಲ್ಲಿ. ಆದರೂ ನೀರಿನ ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಸಭೆಯಲ್ಲಿ ಎದ್ದು ಕೇಳುವವರು ಇದ್ದರು. ನಿರ್ವಹಣೆಗೆ ಅದೂ ಒಂದು ಕಾರಣ ಅಂತ ನಾನು ನಂಬುತ್ತೇನೆ.

ಕೇಳುವವರು ಇಲ್ಲದಾಗ ಏನಾಗುತ್ತದೆ ಎಂದು ನೋಡಬೇಕಾದರೆ ಮಾಂಡ್ವಿ, ಭಾತ್ ಬಜಾರ್ ಕಡೆ ಹೋಗಿ. ವ್ಯಾಪಾರಿಗಳು ದಾರಿಹೋಕರಿಗೆ, ಎತ್ತುಗಳಿಗೆ ಕಟ್ಟಿಸಿದ ಕಲ್ಲಿನ ಅರವಟ್ಟಿಗೆಗಳಿವೆ, ಅಲ್ಲಿ ಪ್ಯಾವ್ ಅನ್ನುತ್ತಾರೆ. ಕೇಶವಜಿ ನಾಯಕ್ ಹೆಸರಿನದು 1876ರದ್ದು. ಕೆತ್ತನೆ ಕೆಲಸ ನೋಡಲು ಎರಡು ಕಣ್ಣು ಸಾಲದು. ಕಟ್ಟಿಸಿದವರ ಕಾಲ ಮುಗಿದ ಮೇಲೆ ಅಂಥವು ಒಂದೊಂದಾಗಿ ಒಣಗಿದವು. ಕೆಲವನ್ನು ಈಚೆಗೆ ಸರಿ ಮಾಡಿ ಮತ್ತೆ ನೀರು ಬಿಟ್ಟಿದ್ದಾರೆ.

ಹಳೆಯ ಬಾವಿಗಳ ಕಥೆಯನ್ನೂ ಹೇಳಬೇಕು. ಪೈಪ್ ನೀರು ಬಂದ ಮೇಲೆ ಮನೆಗಳ ಬಾವಿಗಳನ್ನು ಯಾರೂ ನೋಡಿಕೊಳ್ಳಲಿಲ್ಲ. ಅಲೆಕ್ಸಾಂಡ್ರಾ ಡಾಕ್ ಕಟ್ಟುವ ಹೊತ್ತಿಗೆ ಬಂದರಿನ ಸುತ್ತ ಮಲೇರಿಯ ಜೋರಾಯಿತು. ಡಾ. ಬೆಂಟ್ಲಿ 1911ರ ವರದಿಯಲ್ಲಿ ತೋರಿಸಿದರು: ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ ಈ ಬಾವಿಗಳಲ್ಲೇ ಮರಿ ಮಾಡುತ್ತದೆ. ಪಾಲಿಕೆ ಬಾವಿ ಮುಚ್ಚಿ ಅಂದಿತು. ಪಾರ್ಸಿಗಳು, ಹಿಂದೂಗಳು, ಜೈನರು ಒಪ್ಪಲಿಲ್ಲ. ಪೂಜೆಗೆ ನಲ್ಲಿ ನೀರು ಆಗದು, ನೆಲದಿಂದ ಸೇದಿದ ನೀರೇ ಬೇಕು ಎಂಬುದು ಅವರ ವಾದ. ಕೊನೆಗೆ ಬಾವಿಗೆ ಮುಚ್ಚಳ ಹಾಕಿ, ಸೇದಲು ಸಣ್ಣ ಕಿಟಕಿ ಬಿಟ್ಟು, ಅದಕ್ಕೆ ತಂತಿ ಬಲೆ ಹಾಕುವ ಒಪ್ಪಂದಕ್ಕೆ ಬಂದರು. ಎರಡೂ ಕಡೆಯವರು ಒಂದಿಷ್ಟು ಬಿಟ್ಟುಕೊಟ್ಟ ಈ ಪರಿಹಾರ ನನಗೆ ಇಷ್ಟ. ಚರ್ಚ್‌ಗೇಟ್ ಬಳಿಯ ಭೀಖಾ ಬೆಹ್ರಾಮ್ ಬಾವಿ 1725ರದ್ದು, ಇವತ್ತಿಗೂ ಚೊಕ್ಕಟವಾಗಿದೆ, ಯಾಕೆಂದರೆ ಅದನ್ನು ಪವಿತ್ರ ಎಂದು ನೋಡಿಕೊಳ್ಳುವ ಜನ ಇದ್ದಾರೆ.

ವಿಶ್ವೇಶ್ವರಯ್ಯನವರ ವಿಷಯ ಕೇಳಿದ್ದೀರಿ. ವಿಹಾರ್, ತುಳಸಿ, ತಾನ್ಸಾ ಕಟ್ಟಿದವರಲ್ಲಿ ಅವರಿಲ್ಲ. ತಾನ್ಸಾ ನಗರಪಾಲಿಕೆಯ ಕೆಲಸ, ಅವರು ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿದ್ದರು. ಆದರೆ ಮುಂಬೈ ಪ್ರಾಂತ್ಯ ದೊಡ್ಡದು, ಸಿಂಧ್ ಕೂಡ ಅದರಲ್ಲಿತ್ತು. ಸುಕ್ಕೂರಿನಲ್ಲಿ ಸಿಂಧೂ ನದಿಯ ನೀರು ಕೆಸರು, ಸೋಸುವ ತೊಟ್ಟಿಗಳಿಗೆ ದುಡ್ಡಿಲ್ಲ. ಅವರು ನದಿಯ ಪಕ್ಕ ಬಾವಿ ತೋಡಿಸಿ, ನದಿಯ ಮರಳಿನಲ್ಲೇ ನೀರು ಸೋಸಿ ಬರುವ ಹಾಗೆ ಮಾಡಿದರು.

ಇನ್ನೊಂದು ಏಡನ್, ಈಗಿನ ಯೆಮನ್ ದೇಶದ್ದು. ಅದೂ ಬಂದರು, ಅದೂ 1839ರಿಂದ 1932ರವರೆಗೆ ಮುಂಬೈಯಿಂದಲೇ ಆಳಿಸಿಕೊಂಡ ಊರು. ಸೂಯೆಜ್ ಕಾಲುವೆಯಿಂದ ಬರುವ ಹಡಗುಗಳು ಕಲ್ಲಿದ್ದಲು ತುಂಬಿಸಿಕೊಳ್ಳುವ ಜಾಗ, ಮಳೆ ಎಂಬುದು ಹೆಸರಿಗೆ ಮಾತ್ರ. ಅಲ್ಲಿನ ಗುಡ್ಡದ ಕಣಿವೆಯಲ್ಲಿ ತವೀಲಾ ತೊಟ್ಟಿಗಳೆಂಬ ಬಹಳ ಹಳೆಯ ಗಾರೆ ತೊಟ್ಟಿಗಳು ಮೆಟ್ಟಿಲು ಮೆಟ್ಟಿಲಾಗಿ ಇದ್ದವು, ಮಣ್ಣಿನಲ್ಲಿ ಹೂತುಹೋಗಿದ್ದವು. 1850ರ ದಶಕದಲ್ಲಿ ಪ್ಲೇಫೇರ್ ಎಂಬ ಅಧಿಕಾರಿ ಅವನ್ನು ತೋಡಿಸಿ ಸರಿ ಮಾಡಿಸಿದರು. ಆದರೆ ಅವು ತುಂಬುವುದೇ ಅಪರೂಪ. ಆಮೇಲೆ ಸಮುದ್ರದ ನೀರು ಕಾಯಿಸಿ ಆವಿ ಹಿಡಿಯುವ ಯಂತ್ರಗಳು ಬಂದವು, ಶೇಖ್ ಉಸ್ಮಾನ್ ಎಂಬ ಊರಿನಿಂದ ಕಲ್ಲಿನ ಕಾಲುವೆ ಬಂತು. 1906ರಲ್ಲಿ ಅಲ್ಲಿನ ನೀರು ಮತ್ತು ಒಳಚರಂಡಿ ನೋಡಿ ಬರಲು ವಿಶ್ವೇಶ್ವರಯ್ಯನವರನ್ನು ಕಳಿಸಿದರು. ಅವರು ಕೊಟ್ಟ ಸಲಹೆ ಲಾಹೆಜ್ ಕಡೆಯ ಒಣ ನದಿಯ ಮರಳಿನಡಿ ಇರುವ ನೀರನ್ನು ತರುವುದು. ನೀರು ಮತ್ತು ಚರಂಡಿ ಎರಡನ್ನೂ ಒಬ್ಬರೇ ಒಟ್ಟಿಗೆ ನೋಡಿದರು ಎನ್ನುವುದನ್ನು ಗಮನಿಸಿ. 1860ರ ಮುಂಬೈಯಲ್ಲಿ ಆಗದೇ ಹೋದದ್ದು ಅದೇ.

ಕೊನೆಗೆ ನಿಮ್ಮ ಓಣಿಯ ಪೈಪು. ತಾನ್ಸಾದ ದೊಡ್ಡ ಪೈಪಿನಲ್ಲಿ ನೀರು ನಿಲ್ಲುವುದೇ ಅಪರೂಪ, ಒತ್ತಡ ಒಂದೇ ಸಮ ಇರುತ್ತದೆ. ಓಣಿಯ ಪೈಪಿನಲ್ಲಿ ದಿನಕ್ಕೆ ಕೆಲವೇ ಗಂಟೆ ನೀರು. ಬಿಟ್ಟಾಗಲೆಲ್ಲ ಒಳಗಿನ ಗಾಳಿಯನ್ನು ತಳ್ಳಿಕೊಂಡು ನೀರು ನುಗ್ಗುತ್ತದೆ, ಜೋಡಣೆಗಳಿಗೆ ಏಟು ಬೀಳುತ್ತದೆ. ನಿಂತಾಗ ಪೈಪು ಖಾಲಿ, ಆಗ ಸೋರುವ ತೂತಿನಿಂದ ಹೊರಗಿನ ಕೊಳಕು ಒಳಗೆ ಎಳೆದುಕೊಳ್ಳುತ್ತದೆ. ಮೇಲಿಂದ ಲಾರಿ ಓಡಾಟ, ಕೇಬಲ್ಲಿಗೆಂದು ಬೇರೆಯವರ ಅಗೆತ, ಅಡಿಯಲ್ಲಿ ಮರಳು ಹಾಸದೆ ಕಲ್ಲಿನ ಮೇಲೇ ಇಟ್ಟ ಪೈಪು. ಇಷ್ಟಾದರೆ ಯಾವ ಕಾಲದ ಪೈಪಾದರೂ ಸೋರುತ್ತದೆ.

ಕೆಂಪು ನೀರು ಹೆಚ್ಚಾಗಿ ತುಕ್ಕು. ಕಬ್ಬಿಣದ ಪೈಪಿನ ಒಳಗೋಡೆಯಲ್ಲಿ ಗಂಟು ಗಂಟಾಗಿ ಬೆಳೆದದ್ದು ನೀರು ನುಗ್ಗಿದಾಗ ಕಳಚಿ ಬರುತ್ತದೆ. ಮೊದಲ ಕೆಲವು ನಿಮಿಷದ ನೀರನ್ನು ಬಕೆಟ್‌ಗೆ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳಿ. ಆಮೇಲೂ ಕೆಂಪು ನಿಲ್ಲದಿದ್ದರೆ ಮುಖ್ಯ ಪೈಪಿನಿಂದ ನಿಮ್ಮ ಕಟ್ಟಡಕ್ಕೆ ಬರುವ ಸಣ್ಣ ಕಬ್ಬಿಣದ ಪೈಪನ್ನೇ ಬದಲಾಯಿಸಬೇಕು. ಅದರ ಖರ್ಚು ಸೊಸೈಟಿಯದು. ಆ ಪೈಪು ಚರಂಡಿಯನ್ನು ಎಲ್ಲಿ ದಾಟುತ್ತದೆ ಎಂದು ಪ್ಲಂಬರ್ ಕೈಲಿ ತೋರಿಸಿಕೊಳ್ಳಿ, ಚರಂಡಿಯ ಒಳಗೇ ಹಾದುಹೋಗುತ್ತಿದ್ದರೆ ತಡ ಮಾಡದೆ ಮೇಲೆತ್ತಿಸಿ. ವಾಸನೆ ಬಂದರೆ ಅದು ತುಕ್ಕಲ್ಲ, ಕುಡಿಯಬೇಡಿ, ಅವತ್ತೇ ವಾರ್ಡ್ ಆಫೀಸಿನ ನೀರು ವಿಭಾಗಕ್ಕೆ ದೂರು ಕೊಟ್ಟು ನೀರಿನ ಮಾದರಿ ಪರೀಕ್ಷೆ ಮಾಡಿಸಿ. ನೆಲಮಟ್ಟದ ಸಂಪನ್ನು ವರ್ಷಕ್ಕೆ ಎರಡು ಸಲವಾದರೂ ತೊಳೆಸಿ, ಅದರ ಮುಚ್ಚಳ ಸರಿಯಾಗಿ ಕೂರುತ್ತದಾ, ಗಾಳಿ ಕೊಳವೆಗೆ ಬಲೆ ಇದೆಯಾ ನೋಡಿ. ಬೆಂಟ್ಲಿ ಬಾವಿಗಳಲ್ಲಿ ಕಂಡ ಅದೇ ಸೊಳ್ಳೆ ಈಗ ಕಟ್ಟಡಗಳ ತೊಟ್ಟಿಗಳಲ್ಲಿ ಮರಿ ಮಾಡುತ್ತದೆ.